ದೊಡ್ಡಪ್ಪನ ಕೀಬೋರ್ಡಿಗೆ ನನ್ನ ಬೆರಳು

ನನಗೆ ಕೀಬೋರ್ಡ್ ನುಡಿಸಲು ಬರುವುದಿಲ್ಲ. ನುಡಿಸುವವರ ಮುಖ ಮಾಡಲು ಬರುತ್ತದೆ. ಕಣ್ಣು ಅರ್ಧ ಮುಚ್ಚಿ, ಕುತ್ತಿಗೆ ಓರೆ ಮಾಡಿ, ಆಗಷ್ಟೇ ಪಾಯಸ ಕುಡಿದವನ ಹಾಗೆ ತಲೆಯಾಡಿಸುವುದು. ಗಣೇಶನ ಹಬ್ಬದ ಆರ್ಕೆಸ್ಟ್ರಾಗಳಲ್ಲಿ ಹಾಡು ಹಾಡಿನ ನಡುವೆ ಮಿಮಿಕ್ರಿ ಮಾಡುವವನು ನಾನು. ಬಸ್ ಕಂಡಕ್ಟರು, ಮೆಟ್ರೋದಲ್ಲಿ ಬಾಗಿಲು ಬಿಟ್ಟು ನಿಲ್ಲಿ ಎನ್ನುವ ದನಿ, ಹುಡುಗಿಯ ಫೋನ್ ಬಂದ ಕೂಡಲೇ ಸಣ್ಣಗಾಗುವ ನನ್ನದೇ ಧ್ವನಿ, ಯಾರನ್ನೂ ಬಿಟ್ಟಿಲ್ಲ.

ಬಸವೇಶ್ವರನಗರದ ದೊಡ್ಡಪ್ಪ ಫೋನ್ ಮಾಡಿ, "ಲೋ, ಕೀಬೋರ್ಡ್ ತಗೋಬೇಕು, ಜೊತೇಲಿ ಬಾ" ಎಂದಾಗ ಕಂಪ್ಯೂಟರಿನದು ಅಂದುಕೊಂಡೆ. "ನುಡ್ಸೋದು ಕಣೋ. ನಂಗೇ. ದೊಡ್ಡಮ್ಮಂಗೆ ಹೇಳ್ಬೇಡ."

ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ತಗಡು ಕತ್ತರಿಸುವ ಪವರ್ ಪ್ರೆಸ್ ನಡೆಸುತ್ತಿದ್ದ ದೊಡ್ಡಪ್ಪನ ಬಲಗೈಯ ತೋರುಬೆರಳು, ನಡುಬೆರಳಿನ ಮೇಲಿನ ಗೆಣ್ಣುಗಳನ್ನು ಅದೇ ಪ್ರೆಸ್ ತೆಗೆದುಕೊಂಡಿತ್ತು. ನಾನು ಹುಟ್ಟುವ ಮುಂಚಿನ ಮಾತು. ಮನೆಯಲ್ಲಿ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಹೊರಗೆ ಹೋದರೆ ಮಾತ್ರ ಆ ಕೈ ಪ್ಯಾಂಟಿನ ಜೇಬು ಸೇರುತ್ತದೆ. ಆ ದಿನ ವಾದ್ಯಗಳ ಅಂಗಡಿಯ ಬಾಗಿಲಲ್ಲೂ ಸೇರಿತು.

ಅಂಗಡಿಯಲ್ಲಿದ್ದವರು ಗದಗಿನ ಕಡೆಯವರು, ನನಗಿಂತ ನಾಲ್ಕೈದು ವರ್ಷ ದೊಡ್ಡವರು. "ಯಾರ ಸಲುವಾಗಿರೀ ಸರ? ಮಮ್ಮಗಗ ಏನ್ರಿ?"

"ಮೊಮ್ಮಗಳಿಗೆ" ಎಂದರು ದೊಡ್ಡಪ್ಪ.

ನಾನು ಕೆಮ್ಮಿದೆ. ದೊಡ್ಡಪ್ಪನ ಒಬ್ಬನೇ ಮಗನಿಗೆ ಇನ್ನೂ ಮದುವೆಯೇ ಆಗಿಲ್ಲ.

"ಎಷ್ಟ್ ವರ್ಷದಾಕಿರೀ?"

"ಎಂಟು."

ಅವರು ಸಣ್ಣ ಮನೆಗಳ, ಅಂದರೆ ಒತ್ತುವ ಕೀಗಳ, ಒಂದು ಆಟಿಕೆ ಕೀಬೋರ್ಡ್ ತೆಗೆದಿಟ್ಟರು. ದೊಡ್ಡಪ್ಪ ಅದರ ಪಕ್ಕದ ದೊಡ್ಡದನ್ನೇ ನೋಡುತ್ತಿದ್ದರು. "ಅದು ಅರವತ್ತೊಂದ್ ಮನಿದ್ರಿ. ಟಚ್ ಐತಿ. ಮೆತ್ತಗ ಒತ್ತಿದ್ರ ಮೆತ್ತಗ, ಜೋರ್ ಒತ್ತಿದ್ರ ಜೋರ್" ಎಂದು ಅವರು ಎರಡೂ ಕೈಯಿಂದ ಒಂದು ತುಣುಕು ನುಡಿಸಿದರು. ಎಷ್ಟು ಚೆನ್ನಾಗಿತ್ತೆಂದರೆ ದೊಡ್ಡಪ್ಪನ ಮುಖ ಇಳಿಯಿತು.

"ಹುಡುಗೀನ ಕರ್ಕೊಂಡ್ ಬರ್ರಿ ಸರ. ಬೆರಳ ಇಟ್ಟ ನೋಡ್ಲಾರ್ದ ತಗೋಬಾರ್ದು."

"ಸರಿ ಹಾಗಾದ್ರೆ, ಇನ್ನೊಂದಿನ ಬರ್ತೀವಿ" ಎಂದು ದೊಡ್ಡಪ್ಪ ತಿರುಗಿಯೇಬಿಟ್ಟರು. ಇನ್ನೊಂದು ದಿನ ಎಂಬುದು ಬರುವುದಿಲ್ಲವೆಂದು ಅವರ ಬೆನ್ನೇ ಹೇಳುತ್ತಿತ್ತು. ನಾನು ಅವರ ಶರ್ಟ್ ಹಿಡಿದೆ. ಏನು ಹೇಳಬೇಕೋ ತಿಳಿಯದೆ, ತಿಳಿಯದಾಗ ಮಾಡುವುದನ್ನೇ ಮಾಡಿದೆ: ಆ ಕೀಬೋರ್ಡಿನ ಮುಂದೆ ನಿಂತು ಪಾಯಸದ ಮುಖ ಮಾಡಿ, "ಮೆತ್ತಗ ಒತ್ತಿದ್ರ ಮೆತ್ತಗ್ರೀ ಸರ" ಎಂದೆ. ಗದಗಿನವರು ನಕ್ಕರು. ದೊಡ್ಡಪ್ಪ ನಗಲಿಲ್ಲ. ಹತ್ತಿರ ಬಂದು ಪಿಸುಗುಟ್ಟಿದರು.

"ಎಲ್ಲಾರ್ನೂ ಅಣಕಿಸ್ತೀಯಲ್ಲ, ನನ್ ಕೈ ಅಣಕಿಸು."

"ಏನ್ ದೊಡ್ಡಪ್ಪ ನೀವು..."

"ತಮಾಷೆ ಮಾಡ್ತಿಲ್ಲ ಕಣೋ. ನನ್ ತರ ಒತ್ತಿ ತೋರ್ಸು. ಸದ್ದು ಬರುತ್ತೋ ಇಲ್ವೋ, ನಾನು ಇಲ್ಲೇ ನಿಂತು ಕೇಳ್ತೀನಿ."

ಇಷ್ಟು ವರ್ಷದಲ್ಲಿ ಅವರ ನಡಿಗೆ, ಸೀನು, ಕಾಫಿ ಹೀರುವ ಸದ್ದು ಎಲ್ಲವನ್ನೂ ಅವರ ಎದುರಿಗೇ ಮಾಡಿ ನಗಿಸಿದ್ದೇನೆ. ಆ ಕೈಯ ತಂಟೆಗೆ ಮಾತ್ರ ಹೋಗಿರಲಿಲ್ಲ. ಎರಡು ಬೆರಳನ್ನು ಗೆಣ್ಣಿನವರೆಗೆ ಮಡಚಿದೆ. ಹೆಬ್ಬೆರಳಿಂದ ಸ, ಜೋರಾಗಿ ಬಂತು. ಮಡಚಿದ ಬೆರಳುಗಳ ರಿ, ಗ ಕೀಬೋರ್ಡಿನ ಗಂಟಲಲ್ಲೇ ಉಳಿದವು. ಮ, ಪ ಮತ್ತೆ ಜೋರು. ಇನ್ನೊಮ್ಮೆ ಮಾಡಿದೆ. ನಡುವೆ ಅದೇ ಹಳ್ಳ.

ದೊಡ್ಡಪ್ಪ ಕಿವಿಗೊಟ್ಟು ನಿಂತಿದ್ದವರು ಹುಬ್ಬು ಗಂಟಿಕ್ಕಿದರು. "ಥೂ, ಹಂಗಲ್ವೋ. ಅಷ್ಟೊಂದ್ ಮಡಚಿದೀಯ, ನಂದು ಅಷ್ಟು ಮೋಟಲ್ಲ. ಮೇಲಿಂದ ಬೇರೆ ಗುದ್ತೀಯ. ಮಣಿಕಟ್ಟು ಮುಂದಕ್ಕೆ ತರ್ಬೇಕು."

"ನಿಮಗೆ ಹೆಂಗೆ ಗೊತ್ತು?"

"ಊಟದ ಟೇಬಲ್ ಮೇಲೆ ಮಾಡ್ತೀನಲ್ಲ ದಿನಾ. ಸರಿ ಆಕಡೆ. ಇಂಥಾ ಮಿಮಿಕ್ರಿಗೆ ದುಡ್ಡು ಬೇರೆ ಕೊಡ್ತಾರಾ ನಿಂಗೆ?"

ನನ್ನನ್ನು ಮೊಣಕೈಯಿಂದ ತಳ್ಳಿ, ಜೇಬಿನಿಂದ ಕೈ ತೆಗೆದು, ಮನೆಗಳ ಮೇಲೆ ಇಟ್ಟರು. ಸ, ರಿ, ಗ, ಮ, ಪ. ರಿ, ಗ ಮೆತ್ತಗಿದ್ದವು, ಆದರೆ ಇದ್ದವು. ಮಣಿಕಟ್ಟನ್ನು ಇನ್ನಷ್ಟು ಮುಂದೆ ತಂದು ಮತ್ತೆ ನುಡಿಸಿದರು. ನಾಲಿಗೆಯ ತುದಿ ಹೊರಗಿಣುಕಿತ್ತು. ಪ್ರೆಸ್ ಮುಂದೆಯೂ ಹೀಗೇ ನಿಲ್ಲುತ್ತಿದ್ದರೇನೋ.

ಗದಗಿನವರು ಕೈ ನೋಡಿದರು. ಮೊಮ್ಮಗಳ ಸುದ್ದಿ ಮತ್ತೆ ಎತ್ತಲಿಲ್ಲ. "ಟಚ್ ಬಂದ್ ಮಾಡಬಹುದ್ರಿ ಸರ, ಹೆಂಗ ಒತ್ತಿದ್ರೂ ಒಂದ ಸವನ ಬರ್ತದ" ಎಂದು ಒಂದು ಬಟನ್ ಒತ್ತಿದರು.

ಈಗ ಐದೂ ಸ್ವರ ಸಮನಾಗಿ ಬಂದವು. ದೊಡ್ಡಪ್ಪ ಮೇಲಕ್ಕೆ ಹೋದರು, ಕೆಳಗಿಳಿದರು, ಒಂದು ಕಡೆ ತಪ್ಪಿದರು, ಮತ್ತೆ ಸ ಹಿಡಿದರು. ಹಿಂದೆ ಗಿಟಾರ್ ನೋಡಲು ಬಂದಿದ್ದ ಇಬ್ಬರು ನಿಂತು ನೋಡುತ್ತಿದ್ದರು. ಅದು ದೊಡ್ಡಪ್ಪನಿಗೆ ಗೊತ್ತಿತ್ತು. ಕೈ ಜೇಬಿಗೆ ಹೋಗಲಿಲ್ಲ.

"ಇದೇ ಇರ್ಲಿ" ಎಂದರು. "ಸದ್ಯಕ್ಕೆ ಟಚ್ ಬಂದ್ ಆಗೇ ಇರ್ಲಿ. ಮುಂದೆ ಅದನ್ನ ಆನ್ ಮಾಡೋ ಬಟನ್ ಯಾವ್ದು ಅಂತ ಇನ್ನೊಂದ್ಸಲ ತೋರ್ಸಿಬಿಡಿ."