ಸಂಗೀತ ಶುರುವಾದಾಗ ಬರುತ್ತಿದ್ದ ಫೋನು

ಧಾರಾವಾಹಿಗಳ ಬಗ್ಗೆ ನನ್ನದೊಂದು ಖಚಿತ ಅಭಿಪ್ರಾಯವಿದೆ: ನಟರಿಗೆ ಕಣ್ಣರಳಿಸುವುದು ಬಿಟ್ಟರೆ ಬೇರೆ ಕೆಲಸವನ್ನೇ ಕೊಡುವುದಿಲ್ಲ. ಇದು ಗೊತ್ತಾದದ್ದು ಕಮಲಾಪುರದ ನನ್ನ ಅಕ್ಕನಿಂದ. ಅವಳ ಎರಡೂ ಕಣ್ಣಿಗೆ ಪೊರೆ ಬಂದಿತ್ತು. "ಸ್ವಲ್ಪ ಮಂಜಾಗ್ಯಾದ, ಅಷ್ಟೇ" ಎನ್ನುತ್ತಿದ್ದಳು. ಸಂಜೆ ಏಳಕ್ಕೆ ಅವಳ ಮಗ, ಸೊಸೆ ಅಂಗಡಿಯಲ್ಲಿರುತ್ತಿದ್ದರು. ಅವಳು ಅಲ್ಲಿ, ನಾನು ಕಲಬುರಗಿಯ ಕುಸನೂರಿನಲ್ಲಿ ಒಂದೇ ಧಾರಾವಾಹಿ ಹಾಕಿಕೊಂಡು ಕೂರುತ್ತಿದ್ದೆವು. ಮಾತು ನಿಂತು ಢಣ್ ಢಣ್ ಸಂಗೀತ ಶುರುವಾದ ಕೂಡಲೇ ನನ್ನ ಫೋನು ಬಡಿದುಕೊಳ್ಳುತ್ತಿತ್ತು.

"ಏನಾತು? ಯಾಕ ಬಾರಸಾಕತ್ತಾರ?"

"ಏನೂ ಆಗಿಲ್ಲಕ್ಕಾ. ಅತ್ತಿ ಸೊಸಿನ್ನ ನೋಡಿದಳು. ಸೊಸಿ ಅತ್ತಿನ್ನ ನೋಡಿದಳು. ಈಗ ಮಾವ ನೋಡಾಕತ್ತಾನ."

"ನೋಡಿ?"

"ನೋಡಿ ಬ್ರೇಕು."

ಆಪರೇಷನ್ ಎಂದರೆ ಮಾತ್ರ ಅಕ್ಕ ಮಾತು ತೇಲಿಸುತ್ತಿದ್ದಳು. ಗಂಟು ಬಿದ್ದು ಒಪ್ಪಿಸಿ, ಇಲ್ಲಿಯ ಆಸ್ಪತ್ರೆಯಲ್ಲಿ ತಾರೀಖು ತೆಗೆದುಕೊಂಡೆ. ಆ ವಾರವೇ ಹಾಳಾದ ಧಾರಾವಾಹಿಯವರು ನಾಯಕಿಯ ತಾಯಿಗೆ ಕಣ್ಣಿನ ಆಪರೇಷನ್ ಮಾಡಿಸಬೇಕೇ! ಪಟ್ಟಿ ಬಿಚ್ಚಿದರು. ಢಣ್ ಢಣ್. ಫೋನು ಬಂತು.

"ಆಕಿಗಿ ಕಾಣಿಸ್ತೇನು?"

ಕಂಡಿರಲಿಲ್ಲ. ಆ ನಟಿ ಎರಡೂ ಕೈ ಮುಂದೆ ಚಾಚಿ ಗಾಳಿ ತಡವುತ್ತಿದ್ದಳು. ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಇಷ್ಟು ದಿನ ನನ್ನ ಕಣ್ಣು ನಂಬಿ ನೋಡಿದವಳಿಗೆ ಸುಳ್ಳು ಹೇಳಲು ಮನಸ್ಸಾಗಲಿಲ್ಲ.

"ಇಲ್ಲ," ಎಂದೆ.

"ನಾ ಬರಂಗಿಲ್ಲ," ಎಂದು ಅಕ್ಕ ಫೋನಿಟ್ಟಳು.

ನನಗೆ ಸಿಟ್ಟು ನೆತ್ತಿಗೇರಿತು, ಅಕ್ಕನ ಮೇಲಲ್ಲ, ಆ ನಟಿಯ ಮೇಲೆ. ಮರುದಿನ ಮೊದಲ ಬಸ್ಸಿಗೇ ಕಮಲಾಪುರಕ್ಕೆ ಹೋದೆ. ಬಾಗಿಲಲ್ಲೇ ಶುರುಮಾಡಿದೆ: "ಪಟ್ಟಿ ಬಿಚ್ಚಿದ್ರ ಒಳಗ ಕಾಡಗಿ ಹಂಗೇ ಇತ್ತಕ್ಕಾ! ತುಟಿಗಿ ಬಣ್ಣ, ಮೂಗಿನಾಗ ನತ್ತು. ಆ ಡಾಕ್ಟರು ಕೈಗಿ ಗ್ಲೌಸೂ ಹಾಕಿದ್ದಿಲ್ಲ. ಅದೇನು ಆಪರೇಷನ್ನೇನು? ನಟನಾ ಬರಲಾರದಾಕಿಗಿ ಅಂಜಿ ನೀ ಮನ್ಯಾಗ ಕುಂದರತಿಯೇನು?" ಅಕ್ಕ ನಕ್ಕಳು. ನಗು ನಿಲ್ಲುವುದರೊಳಗೆ ಅವಳ ಸೀರೆಗಳನ್ನು ಚೀಲಕ್ಕೆ ತುಂಬಿ, ಕೈ ಹಿಡಿದು ಬಸ್ಸು ಹತ್ತಿಸಿದೆ.

ಒಂದು ಕಣ್ಣಿನ ಆಪರೇಷನ್ ಆಯಿತು. ಪಟ್ಟಿ ತೆಗೆದಾಗ ಯಾವ ಸಂಗೀತವೂ ಬರಲಿಲ್ಲ. ನರ್ಸು ಕಣ್ಣೊರೆಸಿದಳು, ಅಕ್ಕ ಚಹಾ ಕೇಳಿದಳು.

ಎರಡು ದಿನದ ಮೇಲೆ ನನ್ನ ಮನೆಯಲ್ಲಿ ಇಬ್ಬರೂ ಟಿವಿ ಮುಂದೆ ಕೂತೆವು. ಆ ನಟಿ ಇನ್ನೂ ಕೈ ಚಾಚಿಕೊಂಡೇ ಓಡಾಡುತ್ತಿದ್ದಳು.

"ಈಕಿಗಿ ಏನೂ ಗೊತ್ತಿಲ್ಲ," ಎಂದಳು ಅಕ್ಕ. "ಕಾಣದಾಕಿ ಹಿಂಗ ಕೈ ಚಾಚಂಗಿಲ್ಲ. ಚಾಚಿದ್ರ ಮನಿಮಂದಿಗಿ ಗೊತ್ತಾಗತದ. ನಾ ಗ್ವಾಡಿಗಿ ಮೊಣಕೈ ತಾಗಿಸಿಕೊಂತ, ಹೆಜ್ಜಿ ಎಣಿಸಿಕೊಂತ ಹೋಗತಿದ್ದೆ."

ಸ್ವಲ್ಪ ಮಂಜು ಎಂದಿದ್ದಳಲ್ಲ! ಇಷ್ಟು ದಿನ ಫೋನಿನಲ್ಲಿ ನಗುತ್ತಾ ಕೂತಿದ್ದ ನನ್ನ ಬಗ್ಗೆ ನನಗೇ ನಾಚಿಕೆಯಾಯಿತು. ಎದ್ದು ಟಿವಿ ಆರಿಸಿದೆ.

"ಎರಡನೇ ಕಣ್ಣೂ ಆಗೋತನಕ ನೀ ಊರಿಗಿ ಹೋಗಂಗಿಲ್ಲ," ಎಂದೆ.

ಅಕ್ಕ ನನ್ನನ್ನು ನೋಡಿದಳು. ನಾನು ಅಕ್ಕನನ್ನು ನೋಡಿದೆ. ಬಹಳ ಹೊತ್ತು ಹಾಗೇ ನೋಡಿದೆವು.

"ಆತು," ಎಂದಳು. "ಈಗ ಟಿವಿ ಹಚ್ಚು."