ದೊಡ್ಡವ್ವನ ಚಳಿಗಾಲ, ನನ್ನ ಮಜ್ಜಿಗೆ ತಂಬಿಗೆ

ಅಜವಾನ ಹುರಿಯುವ ವಾಸನೆ ಬಂದರೆ ಹಲವರಿಗೆ ತವರು ನೆನಪಾಗಿ ಕಣ್ಣು ತುಂಬುತ್ತದಂತೆ. ನನಗೆ ಮೊದಲು ಸಿಟ್ಟು ಬರುತ್ತದೆ. ಕಣ್ಣು ತುಂಬುವುದೇನಿದ್ದರೂ ಆಮೇಲೆ. ಮೊನ್ನೆ ನವಲಗುಂದದ ನಮ್ಮ ಪಕ್ಕದ ಮನೆಯಿಂದ ಆ ಘಾಟು, ಅದರ ಹಿಂದೆಯೇ ತುಪ್ಪದಲ್ಲಿ ಕೆಂಪು ಸಾಸಿವೆಯಂಥ ಅಳ್ವಿ ಬೀಜ ಸಿಡಿಯುವ ಸಣ್ಣ ಸಪ್ಪಳ ಕಿಟಕಿ ದಾಟಿ ಬಂದಾಗ, ನಾನು ಹೈಸ್ಕೂಲಿನ ಉತ್ತರಪತ್ರಿಕೆಗಳ ನಡುವೆ ಕೂತಲ್ಲೇ "ಸಾಕು ಮಾಡ ಯವ್ವಾ!" ಎಂದು ಗಟ್ಟಿಯಾಗಿ ಅಂದುಬಿಟ್ಟೆ. ಅಂದದ್ದು ಪಕ್ಕದವರಿಗಲ್ಲ, ಬದುಕಿಲ್ಲದ ನನ್ನ ದೊಡ್ಡವ್ವನಿಗೆ. ಅದೇ ಹೊತ್ತಿಗೆ ಸಹೋದ್ಯೋಗಿಯೊಬ್ಬರು ಒಂದು ವಿಡಿಯೋ ಕಳಿಸಿದ್ದರು. ತಿದ್ದಿದ ಹುಬ್ಬಿನ ಹುಡುಗಿಯೊಬ್ಬಳು ಅದೇ ಅಳ್ವಿ, ಅದೇ ಕರಿ ಎಳ್ಳು ಹಿಡಿದು, ಚಳಿಗಾಲದಲ್ಲಿ ಇಷ್ಟು ತಿಂದರೆ ಹೆಣ್ಣುಮಕ್ಕಳ ಮುಟ್ಟಿನ ತೊಂದರೆಗಳೆಲ್ಲ ಮಾಯ ಎನ್ನುತ್ತಿದ್ದಳು. ಎಲ್ಲವೂ ಮಾಯವಂತೆ! ಇದೆಲ್ಲ ಮೂಢನಂಬಿಕೆ ಎಂದು ಮೂಗು ಮುರಿಯುವವರನ್ನು ಕಂಡರೂ ನನಗೆ ಅಷ್ಟೇ ರೇಗುತ್ತದೆ. ಈ ಎರಡೂ ಕಡೆಯವರು ನಮ್ಮ ಶಲವಡಿ ಮನೆಯಲ್ಲಿ ಒಂದು ಚಳಿಗಾಲ ಕಳೆಯಬೇಕಿತ್ತು.

ದೊಡ್ಡವ್ವ ಎಂದರೆ ನಮ್ಮ ದೊಡ್ಡಪ್ಪನ ಹೆಂಡತಿ, ನೀಲವ್ವ. ಅವಳಿಗೆ ಮಕ್ಕಳಿರಲಿಲ್ಲ. ಹಾಗಾಗಿ ನಾನು ಮತ್ತು ನನ್ನ ಅಕ್ಕ ಶಾಂತಾ ಅವಳ ಪೂರಾ ಅಧಿಕಾರಕ್ಕೆ ಒಳಪಟ್ಟಿದ್ದೆವು. ಹೆತ್ತ ಅವ್ವ ಮೆತ್ತಗಿನ ಹೆಂಗಸು, ನೆಗೆಣ್ಣಿಯಾದ ದೊಡ್ಡವ್ವನ ಮಾತಿಗೆ ಎದುರಾಡಿದವಳಲ್ಲ. ದೀಪಾವಳಿ ಮುಗಿದು ಎರಿ ಹೊಲದ ಮೇಲಿಂದ ಒಣ ತಂಗಾಳಿ ಬೀಸತೊಡಗಿದರೆ ದೊಡ್ಡವ್ವನ ರಾಜ್ಯ ಶುರು. ಬೆಳಗೆದ್ದರೆ ಅಜವಾನ ಬೆಲ್ಲ ಹಾಕಿ ಕುದಿಸಿದ ಕಷಾಯ. ಶಾಲೆಗೆ ಹೋಗುವ ಮುಂಚೆ ಎಳ್ಳು, ಶೇಂಗಾ, ಒಣ ಕೊಬ್ಬರಿಯ ಉಂಡಿ. ರಾತ್ರಿ ಊಟಕ್ಕೆ ಮೊದಲು ಹಾಲಿನಲ್ಲಿ ಉಬ್ಬಿ ಕಪ್ಪೆ ಮೊಟ್ಟೆಯಂತೆ ಜಾರುವ ಅಳ್ವಿ ಪಾಯಸ. ಮುಟ್ಟಾದ ದಿನಗಳಲ್ಲಂತೂ ಕೇಳಲೇಬೇಡಿ. ಬಿಸಿ ಕುಸುಬಿ ಎಣ್ಣೆಯಿಂದ ಸೊಂಟ ತಿಕ್ಕಿ, ಹೊಕ್ಕುಳ ಸುತ್ತ ಬೆರಳಾಡಿಸಿ, ಒಲೆಯಲ್ಲಿ ಕಾಸಿದ ಇಟ್ಟಂಗಿಯನ್ನು ದೊಡ್ಡಪ್ಪನ ಹಳೇ ಧೋತರದಲ್ಲಿ ಸುತ್ತಿ ಹೊಟ್ಟೆಯ ಮೇಲಿಡುತ್ತಿದ್ದಳು. ಮಜ್ಜಿಗೆ ಇಲ್ಲ, ಪೇರಲ ಇಲ್ಲ, ಬರಿಗಾಲಲ್ಲಿ ಪರಸಿ ಕಲ್ಲಿನ ಮೇಲೆ ನಡೆಯುವಂತಿಲ್ಲ, ಕೊಡ ಎತ್ತುವಂತಿಲ್ಲ. ನಮ್ಮಲ್ಲಿ ಹೊರಗೆ ಕೂಡಿಸುವ ಪದ್ಧತಿ ಇರಲಿಲ್ಲ, ಅದಕ್ಕೆ ಪುಣ್ಯ. ಆದರೆ ದೊಡ್ಡವ್ವನ ಕೈಗೆ ಸಿಗುವುದಕ್ಕಿಂತ ಹೊರಗೆ ಕೂಡುವುದೇ ಸುಖವಿರಬಹುದು ಎಂದು ನಾನೂ ಅಕ್ಕನೂ ಎಷ್ಟೋ ಸಲ ಮಾತಾಡಿಕೊಂಡಿದ್ದೆವು.

ನಿಮ್ಮ ಮನೆಯಲ್ಲೂ ಅಂಥವಳೊಬ್ಬಳು ಇದ್ದಿರಬಹುದು. ಆದರೆ ಅವಳಿಗೆ ನಮ್ಮ ದೊಡ್ಡವ್ವನ ಗಂಟಲು ಇರಲಿಕ್ಕಿಲ್ಲ. ನಮ್ಮ ಹೊಟ್ಟೆನೋವಿನ ಸುದ್ದಿಯನ್ನು ಅವಳು ಮಾಳಿಗೆಯ ಮೇಲೆ ನಿಂತು ಓಣಿಗೆಲ್ಲ ಸಾರುತ್ತಿದ್ದಳು. ನಾನು ಅಣ್ಣಿಗೇರಿಯ ಹೈಸ್ಕೂಲಿಗೆ ಬಸ್ಸು ಹತ್ತುವಾಗ ಒಂದು ದಿನ ಹಿಂದೆಯೇ ಓಡಿಬಂದು, "ಕಂಡಕ್ಟರ ಸಾಹೇಬ್ರ, ಈ ಹುಡಿಗಿಗೆ ಕುಂದ್ರಾಕ ಜಾಗಾ ಮಾಡಿ ಕೊಡ್ರಿ, ಹೊಟ್ಟಿ ಕಡ್ಯಾಕ ಹತ್ತೇತಿ!" ಎಂದು ಕೂಗಿದಳು. ಇಡೀ ಬಸ್ಸು ನನ್ನ ಕಡೆ ತಿರುಗಿತು. ಕಿವಿಗೆ ಸ್ಕಾರ್ಫು, ಬಾಯಲ್ಲಿ ಅಜವಾನದ ವಾಸನೆ. ಆ ಸೀಟಿನಲ್ಲಿ ಕೂತು ನಾನು ಭೂಮಿ ಬಾಯಿಬಿಡಲಿ ಎಂದು ಬೇಡಿಕೊಂಡೆ. ಅಷ್ಟು ಸಿಟ್ಟಿನ ನಡುವೆಯೂ ಒಂದು ಮಾತು ಒಪ್ಪಬೇಕು. ಆ ಇಟ್ಟಂಗಿಯ ಕಾವು ಹೊಟ್ಟೆಯೊಳಗೆ ಇಳಿಯುವಾಗ ನೋವು ಹಗ್ಗದ ಗಂಟು ಬಿಚ್ಚಿದಂತೆ ಸಡಿಲಾಗುತ್ತಿತ್ತು. ಆದರೆ ಅದನ್ನು ಅವಳೆದುರು ಹೇಳಿದ್ದರೆ ಮರುದಿನ ಎರಡು ಇಟ್ಟಂಗಿ ಬರುತ್ತಿದ್ದವು.

ನಾನು ಹತ್ತನೆಯ ತರಗತಿಯಲ್ಲಿದ್ದ ಚಳಿಗಾಲದಲ್ಲಿ ದೊಡ್ಡವ್ವ ಉಂಡಿ ಕಟ್ಟುತ್ತಿದ್ದಳೇ ಹೊರತು ತಾನು ಬಾಯಿಗೆ ಹಾಕುತ್ತಿರಲಿಲ್ಲ. ಹಲ್ಲು ನೋವು ಎನ್ನುತ್ತಿದ್ದಳು. ಬರೀ ಕಪ್ಪು, ಕಂದು ಸೀರೆ ಉಡುತ್ತಿದ್ದಳು. ಮೆಟ್ಟಿಲು ಹತ್ತಿದರೆ ಏದುಸಿರು. ನಾವು ಹುಡುಗಿಯರು ಗಮನಿಸಿದೆವು, ಆದರೆ ಅರ್ಥ ಮಾಡಿಕೊಳ್ಳಲಿಲ್ಲ. ಎಳ್ಳಮಾಸಿಯ ದಿನ ಎಲ್ಲರೂ ಹೊಲಕ್ಕೆ ಹೋದೆವು. ಬೆಳೆಗೆ ಎಡೆಯ ಚರಗ ಚೆಲ್ಲಿ ಬಂದು, ಎದೆಮಟ್ಟ ಬೆಳೆದ ಜೋಳದ ಬದುವಿನಲ್ಲಿ ಊಟಕ್ಕೆ ಕೂತಿದ್ದೆವು. ಬಡಿಸಲು ಎದ್ದ ದೊಡ್ಡವ್ವ ಪುಂಡಿಪಲ್ಲೆಯ ಪಾತ್ರೆ ಹಿಡಿದುಕೊಂಡೇ ಕುಸಿದಳು. ಅವಳನ್ನು ಎತ್ತಿ ಕೂರಿಸುವಾಗ ಕಂದು ಸೀರೆಯ ಹಿಂಭಾಗವೆಲ್ಲ ರಕ್ತದಲ್ಲಿ ತೊಯ್ದಿದ್ದನ್ನು ಅವ್ವ ನೋಡಿದಳು, ನಾನೂ ನೋಡಿದೆ.

"ಅಕ್ಕಾ, ಯಾವಾಗಿಂದ ಹಿಂಗ?" ಅವ್ವ ತನ್ನ ಸೆರಗು ಹೊದಿಸುತ್ತ ಕೇಳಿದಳು.

"ಸುಮ್ಮನಿರ ನೀ. ಹುಡುಗ್ಯಾರ ಅದಾರ," ಎಂದಳು ದೊಡ್ಡವ್ವ, ಪಿಸುದನಿಯಲ್ಲಿ.

ಹುಡುಗಿಯರು ಇದ್ದಾರಂತೆ! ನಮ್ಮ ತಾರೀಖುಗಳನ್ನೆಲ್ಲ ಬಸ್ ಕಂಡಕ್ಟರನಿಗೆ ಹೇಳಿದ ಹೆಂಗಸು, ತನ್ನದನ್ನು ನಮ್ಮೆದುರು ಆಡಲು ನಾಚುತ್ತಿದ್ದಳು. ಎಳ್ಳು ಅಜವಾನ ಮೈಗೆ ಕಾವು, ಹರಿಯುವುದನ್ನು ಹೆಚ್ಚು ಮಾಡುತ್ತವೆ ಎಂದು ಅವುಗಳನ್ನು ಬಿಟ್ಟಿದ್ದಳು, ಹಲ್ಲು ನೋವಿನಿಂದಲ್ಲ. ಗೊತ್ತಿದ್ದೂ ಒಬ್ಬರಿಗೂ ಹೇಳಿರಲಿಲ್ಲ. ಹುಬ್ಬಳ್ಳಿಗೆ ಹೋಗಿ ತೋರಿಸೋಣ ಎಂದು ಅಪ್ಪ ಜೀಪು ಹೇಳಿ ಬಂದರೆ, ಕಡಲೆ ಕಿತ್ತ ಮೇಲೆ ನೋಡೋಣ ಎಂದಳು. ಅವ್ವ ಕೈಮುಗಿದರೆ, ಹುಡುಗಿಯರ ಪರೀಕ್ಷೆ ಆಗಲಿ ಎಂದಳು. ದೊಡ್ಡಪ್ಪನಂತೂ ಇದು ಹೆಂಗಸರ ವಿಷಯ ಎಂದು ಚಾವಡಿಗೆ ಎದ್ದುಹೋದ. ದಿನದಿನಕ್ಕೆ ಅವಳ ಮುಖ ಸುಣ್ಣದಂತೆ ಬಿಳುಪೇರುತ್ತಿತ್ತು. ಆದರೂ ಒಲೆಯ ಮುಂದೆ ಕೂತು ನಮಗೆ ಅಳ್ವಿ ಕಾಸುವುದು ಮಾತ್ರ ನಿಲ್ಲಲಿಲ್ಲ.

ಆ ವಾರವೇ ನನಗೆ ಮುಟ್ಟಾಯಿತು. ದೊಡ್ಡವ್ವ ಇಟ್ಟಂಗಿ ಕಾಸಲು ಇಟ್ಟಿದ್ದಳು. ನನಗೆ ಏನಾಯಿತೋ, ನೇರ ಅಡುಗೆಮನೆಗೆ ಹೋಗಿ ಗಡಿಗೆಯಿಂದ ಹುಳಿ ಮಜ್ಜಿಗೆಯನ್ನು ತಂಬಿಗೆ ತುಂಬ ಬಗ್ಗಿಸಿಕೊಂಡು, ಅವಳ ಎದುರಿಗೇ ನಿಂತು ಗಟಗಟ ಕುಡಿದೆ. ಚಳಿಗೆ ಅದು ಮಂಜಿನಂತೆ ಕೊರೆಯುತ್ತಿತ್ತು.

"ಏ ಹುಚ್ಚಿ! ತಂಬಿಗಿ ಇಡ ಕೆಳಗ!"

"ನೀ ಹುಬ್ಬಳ್ಳಿಗೆ ಬರತೀಯೇನ ಹೇಳು."

"ನಂದೇನ ಕಟಗೊಂಡ ನಿನಗ? ನಾಳೆ ಹೊಟ್ಟಿ ಹಿಡಕೊಂಡ ಒದ್ದಾಡತಿ ನೋಡ ಮತ್ತ."

"ಒದ್ದಾಡತೀನಿ. ನೀ ದವಾಖಾನಿಗೆ ಬರೂತನಕಾ ದಿನಾ ಕುಡಿತೀನಿ. ನಿನ್ನ ಇಟ್ಟಂಗಿ ನನಗ ಬ್ಯಾಡ, ನಿನ್ನ ಉಂಡಿನೂ ಬ್ಯಾಡ."

ಮರುದಿನ ನಸುಕಿನಲ್ಲಿ ಎದ್ದು ಹಂಡೆಯ ಬಿಸಿನೀರು ಬಿಟ್ಟು ಹೊರಗಿನ ತೊಟ್ಟಿಯ ತಣ್ಣೀರು ಸುರುವಿಕೊಂಡೆ. ಬಚ್ಚಲ ಬಾಗಿಲ ಹೊರಗೆ ದೊಡ್ಡವ್ವ ನಿಂತಿದ್ದಳು. ನನ್ನ ಹಲ್ಲು ಕಟಕಟ ಅನ್ನುವುದು ಅವಳಿಗೆ ಕೇಳುತ್ತಿತ್ತು, ಅವಳು ಅಳುತ್ತ ಮೂಗು ಏರಿಸುವುದು ನನಗೆ ಕೇಳುತ್ತಿತ್ತು. ಶಾಂತಕ್ಕ ನನ್ನ ಜೊತೆ ಸೇರಿ ಪಾಯಸದ ಬಟ್ಟಲು ಹಾಗೇ ಬಿಟ್ಟಳು. ಸ್ಕಾರ್ಫಿಲ್ಲದೆ, ಬರಿಗಾಲಲ್ಲಿ, ನಾನು ಅಂಗಳದ ಪರಸಿ ಮೇಲೆ ಓಡಾಡಿದೆ. ಅತಿ ದೊಡ್ಡ ತಮಾಷೆ ಎಂದರೆ, ಆ ತಿಂಗಳು ನನ್ನ ಹೊಟ್ಟೆ ಒಂದಿಷ್ಟೂ ನೋಯಲಿಲ್ಲ. ಬೇಕಾದಾಗ ನೋಯದ ಆ ಹೊಟ್ಟೆಯ ಮೇಲೂ ನನಗೆ ಕೋಪ ಬಂತು. ಆದರೆ ಅದು ದೊಡ್ಡವ್ವನಿಗೆ ಹೇಗೆ ಗೊತ್ತಾಗಬೇಕು? ಮಧ್ಯಾಹ್ನ ನಾನು ಮತ್ತೆ ಗಡಿಗೆಗೆ ಕೈಹಾಕಿದಾಗ ಅವಳು ಕಂಬಕ್ಕೆ ಒರಗಿ ಮೆಲ್ಲಗೆ ಕುಕ್ಕರಿಸಿದಳು.

"ಹೋಗೂಣು ಬೇ. ಯಾವಾಗ ಹೋಗೂಣು ಹೇಳು. ಮಜ್ಜಿಗಿ ಮಾತ್ರ ಚೆಲ್ಲಿಬಿಡು, ನನ್ನ ಕೈಲೆ ನೋಡಾಕ ಆಗೂದಿಲ್ಲ."

ಅದೇ ದಿನ ಜೀಪು ಬಂತು. ಹುಬ್ಬಳ್ಳಿಯ ಡಾಕ್ಟರಮ್ಮ ಅವಳ ರೆಪ್ಪೆ ಸರಿಸಿ ನೋಡಿ, ಮೈಯಲ್ಲಿ ರಕ್ತವೇ ಇಲ್ಲವಲ್ಲ ಎಂದು ಬೈದರು. ಗರ್ಭಕೋಶದಲ್ಲಿ ಗಡ್ಡೆಗಳು. ಎಷ್ಟು ದಿನದಿಂದ ಹೀಗೆ ಎಂದು ಕೇಳಿದ್ದಕ್ಕೆ, "ಹಿಂಗ, ಸ್ವಲ್ಪ ದಿನಾ ಆತ್ರಿ," ಎಂದಳು. ಅವ್ವ ಪಕ್ಕದಲ್ಲಿ ಹಣೆ ಚಚ್ಚಿಕೊಂಡಳು. ಮೊದಲು ರಕ್ತ ಏರಿಸಿ, ಆಮೇಲೆ ಗರ್ಭಕೋಶ ತೆಗೆದರು. ಇನ್ನಷ್ಟು ತಡವಾಗಿದ್ದರೆ ತಮ್ಮ ಕೈಲಿ ಏನೂ ಆಗುತ್ತಿರಲಿಲ್ಲ ಎಂದು ಡಾಕ್ಟರಮ್ಮ ಅಪ್ಪನಿಗೆ ಹೇಳಿದರಂತೆ. ದೊಡ್ಡವ್ವ ಎಚ್ಚರಾಗಿ ಮೊದಲು ಮಾಡಿದ ಕೆಲಸವೆಂದರೆ ಫ್ಯಾನು ಹಚ್ಚಿದ ನರ್ಸಿಗೆ ಜೋರು ಮಾಡಿದ್ದು: "ಬಾಣಂತಿಯರು ಮಲಗೂ ಜಾಗಾದಾಗ ಗಾಳಿ ಬೀಸ್ತೀರೇನ್ರಿ?"

ಗುಣವಾದ ಮೇಲೆ ಅವಳ ಗಂಟಲು ಇನ್ನೂ ಗಟ್ಟಿಯಾಯಿತು. ಓಣಿಯ ಹೆಂಗಸರು ಉಂಡಿ ಮಾಡುವುದನ್ನು ಕೇಳಲು ಬಂದರೆ ಉಂಡಿಯನ್ನೂ ಹೇಳಿಕೊಡುತ್ತಿದ್ದಳು, ಎಷ್ಟು ಹರಿಯುತ್ತದೆ ಎಂದು ಅಡ್ಡ ಪ್ರಶ್ನೆಯನ್ನೂ ಹಾಕುತ್ತಿದ್ದಳು. "ನೋವಿಗಾದ್ರ ಉಂಡಿ, ಇಟ್ಟಂಗಿ. ಹರಿಯಾಕ ಹತ್ತಿದ್ರ ಬಸ್ಸು," ಎನ್ನುತ್ತಿದ್ದಳು. ಹೇಳಿ ಸುಮ್ಮನಾಗುವವಳಲ್ಲ, ಅಂಜುವವರ ರಟ್ಟೆ ಹಿಡಿದು ತಾನೇ ಬಸ್ಸು ಹತ್ತಿಸಿ, ಅದೇ ಡಾಕ್ಟರಮ್ಮನ ಎದುರು ಕೂರಿಸಿ ಬರುತ್ತಿದ್ದಳು. ಆ ವಿಡಿಯೋದ ಹುಡುಗಿಗೆ ಅರ್ಧ ದೊಡ್ಡವ್ವ ಮಾತ್ರ ಗೊತ್ತು. ಮೂಗು ಮುರಿಯುವವರಿಗೆ ಗೊತ್ತಿರುವುದು ಇನ್ನರ್ಧ. ಪೂರಾ ದೊಡ್ಡವ್ವನನ್ನು ಸಹಿಸಿಕೊಂಡವರು ನಾವು.

ಈಗ ಆ ಮನೆ ಎರಡು ಪಾಲಾಗಿದೆ. ಅಡುಗೆಮನೆಯ ನಟ್ಟನಡುವೆ ಗೋಡೆ ಎದ್ದಿದೆ, ಒಲೆ ಇದ್ದ ಮೂಲೆಯಲ್ಲಿ ಯಾರದೋ ಮೋಟರ್‌ಸೈಕಲ್ಲು ನಿಲ್ಲುತ್ತದೆ. ಮುದಿ ವಯಸ್ಸಿನಲ್ಲಿ ಹಾಸಿಗೆ ಹಿಡಿದ ಅವಳನ್ನು ನಾನು ಕಡೆಯ ಸಲ ನೋಡಲು ಹೋದದ್ದು ಒಂದು ಶ್ರಾವಣದಲ್ಲಿ. ಮಾತು ಕ್ಷೀಣವಾಗಿತ್ತು. ಗಂಜಿ ಕುಡಿಸುತ್ತಿದ್ದಾಗ ನನ್ನ ಮಣಿಕಟ್ಟು ಹಿಡಿದು, "ನಿನ್ನ ಮಗಳು ದೊಡ್ಡಾಕಿ ಆದಳೇನ?" ಎಂದು ಕೇಳಿದಳು.

"ಇನ್ನಾ ಇಲ್ಲ ದೊಡ್ಡವ್ವಾ."

"ಆದಾಗ ನನಗ ಹೇಳು. ಮರಿಬ್ಯಾಡ."

ಹೇಳುತ್ತೇನೆ ಎಂದು ಬಂದೆ. ಗೌರಿಹುಣ್ಣಿಮೆಗೂ ಅವಳು ಉಳಿಯಲಿಲ್ಲ. ಆ ವರ್ಷದ ಎಳ್ಳಮಾಸಿಯ ಹಿಂದಿನ ಸಂಜೆ ಮಗಳು ಶಾಲೆಯಿಂದ ಬಂದವಳೇ ನನ್ನನ್ನು ಒಳಗೆ ಕರೆದು ಮೆಲ್ಲಗೆ ಹೇಳಿದಳು. ಅವಳನ್ನು ಅಪ್ಪಿಕೊಂಡು, ಬಟ್ಟೆ ಬದಲಿಸಲು ಕಳಿಸಿ, ಹೊರಗೆ ಬಂದು ಫೋನು ಕೈಗೆತ್ತಿಕೊಂಡೆ. ಶಲವಡಿಯ ನಂಬರು ಹುಡುಕಿದೆ. ಹುಡುಕಿದ ಮೇಲೆ, ಅಲ್ಲಿ ಫೋನು ಎತ್ತುವವರಿಗೆ ಏನೆಂದು ಹೇಳಲಿ ಎಂದು ತಿಳಿಯದೆ, ಅದನ್ನು ಹಾಗೆಯೇ ಹಿಡಿದುಕೊಂಡು ನಿಂತಿದ್ದೆ.