ಸೋಬಾನೆಯ ಮೊದಲ ಸೊಲ್ಲು

ನಾನು ಬಡಾಯಿಕೋರ, ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಹಾಡು ಕೇಳುವ ಆಪ್ ಒಂದನ್ನು ನಾನೇ ತಯಾರಿಸಿ, ದೊಡ್ಡಬಳ್ಳಾಪುರದ ನಮ್ಮ ಬೀದಿಯ ಮಗ್ಗದ ಮನೆಗಳಲ್ಲೆಲ್ಲ "ಯಾವ ಫೈಲ್ ಕೊಟ್ರೂ ಹಾಡುತ್ತೆ, ಹಾಕಿಸ್ಕೊಳ್ರಪ್ಪಾ" ಎಂದು ಡಂಗುರ ಸಾರುತ್ತಿದ್ದೆ. ಒಬ್ಬರೂ ಸೊಪ್ಪು ಹಾಕಿರಲಿಲ್ಲ.

ಕೊನೆಗೆ ಬಂದವರು ಪಕ್ಕದ ಮಗ್ಗದ ಮನೆಯಲ್ಲಿ ನೂಲು ಸುತ್ತುವ ಅಕ್ಕ. ಕೈಯಲ್ಲಿ ಉಗುರಗಲದ ಮೆಮೊರಿ ಕಾರ್ಡ್. ತೀರಿಕೊಂಡ ಅವರಮ್ಮ ಹಾಡಿದ್ದ ಸೋಬಾನೆ ಪದ ಅದರಲ್ಲಿತ್ತು. ರೆಕಾರ್ಡ್ ಮಾಡಿದ್ದ ಬಟನ್ ಫೋನು ಕೆಟ್ಟಿತ್ತು, ಹೊಸ ಫೋನಿನಲ್ಲಿ ಅದು ಹಾಡುತ್ತಿರಲಿಲ್ಲ.

"ನಾಳೆ ಮಗಳ ಅರಿಶಿನ ಶಾಸ್ತ್ರ ಕಣಪ್ಪಾ. ನಮ್ಮಮ್ಮನೇ ಸೋಬಾನೆ ಶುರು ಮಾಡ್ಲಿ ಅಂತ ಆಸೆ. ಹಾಡುತ್ತಾ?"

"ಅಯ್ಯೋ ಅಕ್ಕ, ಇದೇನ್ ಮಹಾ!"

ನನ್ನ ಆಪ್‌ಗೆ ಆ ಫೈಲಿನ ಪರಿಚಯವೇ ಇರಲಿಲ್ಲ. ಫೈಲಿನ ಹೆಸರಿನ ಕೊನೆಯಲ್ಲಿದ್ದ ಎಎಂಆರ್ ಎಂಬ ಹಳೇ ಫೋನುಗಳ ಗುರುತನ್ನು ಅಳಿಸಿ ಎಂಪಿತ್ರೀ ಎಂದು ಬರೆದೆ. ಅಂಗಿ ಬದಲಿಸಿದರೆ ಆಳು ಬದಲಾಗುತ್ತಾನೆಯೇ? ಹಾಡಲಿಲ್ಲ. ಅಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ಸಿಕ್ಕ ಎಂಪಿತ್ರೀಗೆಲ್ಲ ಹಾಡಿನ ಹೆಸರು ಅಂಟಿಸುವುದನ್ನು ಆಪ್‌ಗೆ ನಾನೇ ಕಲಿಸಿದ್ದೆ. ಅದು ಈ ಫೈಲಿನ ತಲೆಗೂ, ಹಾಡು ಶುರುವಾಗುವ ಜಾಗದಲ್ಲೇ, ಏನೇನೋ ತುರುಕಿಬಿಟ್ಟಿತ್ತು. ಈಗ ಯಾವ ಪ್ಲೇಯರಿನಲ್ಲೂ ಅದು ತೆರೆಯಲೇ ಇಲ್ಲ. ಇನ್ನೊಂದು ಕಾಪಿ? ಮಾಡಿಟ್ಟಿರಲಿಲ್ಲ, ಹಾಳಾದವನು ನಾನು. ಸತ್ತವರ ದನಿಯನ್ನು ಇನ್ನೆಲ್ಲಿಂದ ತರುವುದು?

ಗಾಬರಿಯಲ್ಲಿ ಅದೇ ಫೈಲಿಗೆ ಮತ್ತೆ ಕೈಹಾಕಿ, ತುರುಕಿದ್ದನ್ನು ಅಂದಾಜಿನ ಮೇಲೆ ಕತ್ತರಿಸಿ ಸರಿಪಡಿಸಿದೆ. ಎಎಂಆರ್ ಹಾಡುವುದನ್ನು ಆಪ್‌ಗೂ ಕಲಿಸಿದೆ. ದನಿ ಬಂತು. ಹೋದ ಜೀವ ಬಂದಂತಾಯಿತು. ಆದರೂ ಹೆಚ್ಚೇ ಕತ್ತರಿಸಿದೆನೇನೋ ಎಂಬ ಅಳುಕು ಬಿಡಲಿಲ್ಲ. ಅಕ್ಕನಿಗೆ ಹೇಳುವ ಧೈರ್ಯವೂ ಬರಲಿಲ್ಲ.

ಮಾರನೆಯ ದಿನ ಹೆಂಗಸರೆಲ್ಲ ಮದುಮಗಳ ಸುತ್ತ ಕೂತಿದ್ದರು. ಅಕ್ಕ ತಮ್ಮ ಫೋನಿನಲ್ಲಿ ನಾನು ಹಾಕಿಕೊಟ್ಟಿದ್ದ ಆಪ್ ಒತ್ತಿದರು. ಅವರಮ್ಮನ ದನಿ ಕೇಳುತ್ತಲೇ ಅಕ್ಕನ ಮುಖ ಕಪ್ಪಿಟ್ಟಿತು.

"ಮೊದಲ್ನೇ ಸೊಲ್ಲು ಎಲ್ಲೋಯ್ತಪ್ಪಾ?"

"ನಾನೇ ಕತ್ತರಿಸಿಬಿಟ್ಟೆ ಅಕ್ಕ. ಮತ್ತೆ ಸಿಗಲ್ಲ."

ಅಕ್ಕ ಬೈದಿದ್ದರೂ ತಡೆದುಕೊಳ್ಳುತ್ತಿದ್ದೆ. ಬೈಯಲಿಲ್ಲ. ಕಣ್ಣೊರೆಸಿಕೊಂಡು ಮೊದಲ ಸೊಲ್ಲನ್ನು ತಾವೇ ಹಾಡಿ, ಮತ್ತೆ ಫೋನು ಒತ್ತಿದರು. ಎರಡನೆಯ ಸೊಲ್ಲನ್ನು ಅವರಮ್ಮ ಎತ್ತಿಕೊಂಡರು.

ಪದ ಮುಗಿದದ್ದೇ ತಡ, ಹತ್ತಾರು ಫೋನುಗಳು ನನ್ನ ಮುಂದೆ ಬಂದವು. "ನಮ್ಗೂ ಹಾಕ್ಕೊಡಪ್ಪಾ ನಿನ್ನ ಆಪ್‌ನ!" ಅಷ್ಟು ದಿನ ನಾನು ಕಾದದ್ದು ಅದಕ್ಕೇ. ಆದರೂ ಒಂದನ್ನು ಮುಟ್ಟಲೂ ಭಯವಾಯಿತು.

"ಇದ್ರಲ್ಲಿ ತೀರ್ಕೊಂಡವ್ರ ದನಿ ಏನಾದ್ರೂ ಇದ್ಯಾ?" ಎಂದು ಕೇಳಿದೆ.

ಚಾಚಿದ್ದ ಕೈಗಳು ಒಂದೊಂದಾಗಿ ಫೋನನ್ನು ಹಿಂದಕ್ಕೆ ಎಳೆದುಕೊಂಡವು.